ನಲ್ಲಿಗೆ ಕಟ್ಟಿದ ಬಟ್ಟೆ

ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು, ತಮ್ಮ ಬಡಾವಣೆಯ ಪಂಪು ನೋಡಿಕೊಳ್ಳುವವನ ಎದುರು ಲೆಕ್ಕ ಹಾಕುತ್ತಿದ್ದರು.

"ನೀರು ಕುದಿಸಿ ಕುದಿಸಿ ಎರಡು ಸಿಲಿಂಡರ್ ಖಾಲಿ. ದೊಡ್ಡ ಪಾತ್ರೆ ತಳ ಹಿಡಿದು ಹಾಳಾಯ್ತು."

"ನನ್ನ ಕೆಲಸಾನೇ ಹೋಗೋದ್ರಲ್ಲಿತ್ತಲ್ಲ ಅಕ್ಕಾ! ಟ್ಯಾಂಕು ತೊಳೆಯೋದೇ ಇಲ್ಲ ಅಂತ ಎಲ್ರೂ ಮೈಮೇಲೆ ಬಿದ್ರು."

"ಹೋದ ಸಲ ನೀರು ಕೆಟ್ಟಿದೆ ಅಂತ ರಿಪೋರ್ಟ್ ಬಂದ್ಮೇಲೆ ಬೆನ್ನು ತಟ್ತಾರಾ?"

"ಈ ಸಲ ನೋಡಿ, ಕುಡಿಯಬಹುದು ಅಂತ ಬರೆದಿದಾರೆ. ಟ್ಯಾಂಕ್ ಹತ್ರದ ನಲ್ಲಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಒಂದಷ್ಟು ನೀರು ಹರಿಯೋಕೆ ಬಿಟ್ಟು ಬಾಟ್ಲಿ ತುಂಬಿದೆ. ಕೊಳೆ ಇದ್ದಿದ್ದು ಆ ಬಟ್ಟೇಲಂತೆ."

"ಅಯ್ಯೋ ಮಾರಾಯ, ಹೋದ ಸಲಾನೇ ಬಿಚ್ಚೋಕೇನಾಗಿತ್ತು?"

"ಕಸ ಬರಬಾರದು ಅಂತ ನೀವೇ ಕಟ್ಟಿದ್ದಲ್ವಾ? ಮುಟ್ಟಿದ್ರೆ ಬೈತೀರಿ ಅಂತ ಸುಮ್ನಾದೆ."

ಆಕೆ ದನಿ ತಗ್ಗಿಸಿದರು.

"ಅದು ನನ್ನ ಹಳೇ ಲಂಗದ ತುಂಡು ಕಣೋ. ಕಟ್ಟಿದ ಮೇಲೆ ಒಗೆದೇ ಇಲ್ಲ."

"ನಾನು ಯಾರಿಗೂ ಹೇಳಲ್ಲ ಬಿಡಿ."

"ನೀನು ಹೇಳ್ಬೇಡ. ನಿನ್ನನ್ನ ಕೆಲಸದಿಂದ ಬಿಡಿಸ್ಬೇಕು ಅಂತ ಮೊದಲು ಕೂಗಾಡಿದ್ದು ನಾನು, ನಾನೇ ಎಲ್ರಿಗೂ ಹೇಳ್ತೀನಿ. ನಡಿ, ಪಂಪ್ ಹಾಕೋ ಹೊತ್ತಾಯ್ತು."

ಇಬ್ಬರೂ ನಗುತ್ತಾ ಎದ್ದು ಹೋದರು. ಅವನ ಕೆಲಸ ಉಳಿದಂತಾಯಿತು.