ಹೊಗೆ ಗಾಡಿಯ ಹಿಂದೆ

ನರ್ಸಮ್ಮನ ಕೈ ರಕ್ತಪರೀಕ್ಷೆಯ ಚೀಟಿ ಹರಿಯುತ್ತಿತ್ತು. ಕಿವಿ ಮಾತ್ರ ಎದುರು ಬೆಂಚಿನ ಗಂಡ-ಹೆಂಡತಿಯ ಮೇಲಿತ್ತು. ಗಂಡ ಸೊಳ್ಳೆ ನಿಯಂತ್ರಣ ಕಚೇರಿಯವನು.

“ನಾಲ್ಕು ದಿನದಿಂದ ಜ್ವರ. ನನಗೊಂದು ಮಾತು ಹೇಳಬಾರದಿತ್ತಾ?”

“ನೀವು ಮನೇಲೆಲ್ಲಿದ್ರಿ? ದಿನಾ ಫೋನಲ್ಲಿ ಹುಡುಕ್ತಿದ್ದೆ, ‘ಜ್ವರ, ಕೀಲುನೋವು’ ಅಂತ. ಜನ ಹುಡುಕಿದ್ದೆಲ್ಲ ಆಫೀಸಿಗೆ ಗೊತ್ತಾಗುತ್ತೆ ಅಂದಿದ್ರಲ್ಲ.”

“ಎಷ್ಟು ಜನ ಹುಡುಕಿದ್ರು ಅಂತ ಗೊತ್ತಾಗುತ್ತೆ ಕಣೇ, ಯಾರು ಅಂತಲ್ಲ. ಪ್ರತಿ ಮಳೆಗಾಲ ಲೆಕ್ಕ ಏರುತ್ತೆ. ಈ ಸಲ ನಮ್ಮ ಕಡೆ ಏರಿದ್ದೇ ತಡ, ಸೊಳ್ಳೆ ಓಡಿಸೋ ಹೊಗೆ ಗಾಡಿ ನಾನೇ ಕಳಿಸಿದೆ.”

“ಬಂತು. ಹಿಂದೇನೇ ನೀವೂ ಬರ್ತೀರೇನೋ ಅಂತ ಬಾಗಿಲಲ್ಲೇ ಕಾದೆ.”

ನರ್ಸಮ್ಮ ಅವರ ನಂಬರು ಕೂಗಿದಳು. ಗಂಡ ಎದ್ದು ತೋಳು ಚಾಚಿದ.

“ಎದ್ದೇಳು, ನಿಧಾನ. ಇನ್ಮೇಲೆ ನನಗೇ ಹೇಳು.”

“ನೀವೂ ಒಂದ್ಸಲ ಕೇಳಿ,” ಎಂದು ಹೆಂಡತಿ ಅವನ ತೋಳಿಗೊರಗಿ ಒಳಗೆ ನಡೆದಳು.