ಜ್ವರ ಇತ್ತೇನು ಅಂತ ಕೋರ್ಟಿನ್ಯಾಗ ಕೇಳಿದ್ರು

ಅಲ್ಲ ಮೊಮ್ಮಕ್ಕಳ್ರಾ, ಸೂಜಿನ ಕೆಟ್ಟದ್ದಂತ ನಾ ಎಲ್ಲಿ ಹೇಳಾಕತ್ತೇನಿ? ಶೋಭಾನ ಆಮ್ಯಾಲೆ ಹುಟ್ಟಿದ ನಿಮ್ಮಪ್ಪಗೂ ಎಲ್ಲಾ ಸೂಜಿ ಹಾಕಿಸೇನಿ. ನಿಮ್ಮ ಅತ್ತಿ ಶೋಭಾಗ ಆದದ್ದು ಹೇಳತೇನಿ, ಕೇಳ್ರಿ. ಆಗ ಆಕಿಗೆ ಒಂದ ವರ್ಷ, ಅಲ್ಲ, ಒಂದೂವರಿ ವರ್ಷ. ರಬಕವ್ಯಾಗ ನಾನೂ ನಿಮ್ಮಜ್ಜನೂ ಮಗ್ಗ ನೇಯತಿದ್ವಿ. ಅವತ್ತ ಮುಂಜಾನಿ ಕೂಸಿನ ಮೈ ಒಂದೀಟು ಬಿಸಿ ಇತ್ತು. ಲಸಿಕಿ ಸೂಜಿ ಹಾಕಿಸಾಕ ಸರಕಾರಿ ದವಾಖಾನಿಗೆ ಹೋದ್ನಿ, ಅಲ್ಲಿ ಸಿಸ್ಟರ್ ಬಾಯಿ ಕೇಳಿದ್ಲು, “ಜ್ವರ ಐತೇನ್ರಿ?” ಐತಿ ಅಂದ್ರ ಮುಂದಿನ ವಾರ ಬಾ ಅಂತಾಳ, ಮಗ್ಗದ ಮ್ಯಾಲ ಅರ್ಧ ಸೀರಿ ಹಂಗ ನಿಂತೈತಿ. “ಇಲ್ರಿ” ಅಂದ್ನಿ. ಆಕಿ ಕುಂಡಿಗೆ ಚುಚ್ಚಿದ್ಲು. ಕೂಸು ಚೀರಿದ್ದು ದಿನದಂಗ ಇರಲಿಲ್ಲ. ಮನಿಗೆ ಬಂದು ಇಳಿಸಿದ್ರ ಬಲಗಾಲು ಊರವಲ್ದು, ಪಾದ ಜೋತಬಿದ್ದಿತ್ತು.

ಎಣ್ಣಿ ತಿಕ್ಕಿದ್ವಿ, ಡಾಕ್ಟರಿಗೆ ತೋರಿಸಿದ್ವಿ. ಏನೂ ಆಗಲಿಲ್ಲ. ನಿಮ್ಮಜ್ಜ ಜಮಖಂಡಿ ಕೋರ್ಟಿನ್ಯಾಗ ಸರಕಾರದ ಮ್ಯಾಲ ಪರಿಹಾರಕ್ಕ ದಾವೆ ಹಾಕಿದ. ತಾರೀಖು, ತಾರೀಖು, ಶೋಭಾ ಸಾಲಿಗೆ ಹೋಗಾಕ ಹತ್ತಿದ್ರೂ ಮುಗೀಲಿಲ್ಲ. ಆ ಜ್ವರದ ಮಾತು ನಾ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ, ನಿಮ್ಮಜ್ಜನ ಮುಂದ ಸುದ್ದಾ. ನನ್ನಿಂದನ ಕಾಲು ಹೋತು ಅಂತ ಒಳಗ ಕೊರಿಯೂದು, ಗೊತ್ತೇನು, ಉಂಡ ಅನ್ನ ಮೈಗೆ ಹತ್ತತಿರಲಿಲ್ಲ.

ಸೂಜಿ ಹಾಕಿದ ಜಾಗಾ ಬ್ಯಾರೆ ಅಂತ ಸರಕಾರದ ಕಡ್ಯಾವ್ರು ಅಂತಿದ್ರು, ನಾ ಕಟಕಟಿ ಹತ್ತಿದ ದಿನ ಕುಂಡಿ ಮ್ಯಾಲ ಎಲ್ಲಿ ಚುಚ್ಚಿದ್ಲು ಅಂತ ತೋರಿಸಿದ್ನಿ. ಆಮ್ಯಾಲೆ ಸರಕಾರಿ ವಕೀಲ ಮೆತ್ತಗ ಕೇಳಿದ, “ಸೂಜಿಗಿಂತ ಮೊದಲ ಕೂಸಿಗೆ ಜ್ವರ ಇತ್ತೇನಮ್ಮ?” ಇಲ್ಲ ಅಂದ್ರ ಮುಗೀತು, ಕೇಳವ್ರಿಲ್ಲ. ಆದ್ರ ಎದುರಿಗೆ ಆ ಸಿಸ್ಟರ್ ಬಾಯಿ ತಲಿ ತಗ್ಗಿಸಿ ನಿಂತಿದ್ಲು. “ಇತ್ರಿ,” ಅಂದ್ನಿ. “ಆಕಿ ಕೇಳಿದ್ಲು, ನಾನ ಇಲ್ಲ ಅಂದೇನಿ.” ನಮ್ಮ ವಕೀಲ್ರು ಹಣಿ ಒತ್ತಿಕೊಂಡ್ರು. ನಿಮ್ಮಜ್ಜನ ಮಾರಿ ನೋಡೂ ಧೈರ್ಯ ಆಗಲಿಲ್ಲ. ತಿರಗಿ ಬರೂವಾಗ ಬಸ್ಸಿನ್ಯಾಗ ಅವ ಒಂದ ಮಾತಾಡಿದ, “ನನಗರ ಹೇಳಬೇಕಿತ್ತಲ್ಲ.”

ಮುಂದಿನ ತಾರೀಖಿಗೆ ದೊಡ್ಡ ಡಾಕ್ಟರ್ ಸಾಕ್ಷಿಗೆ ಬಂದ್ರು. ಜಡ್ಜ್ ಸಾಹೇಬ್ರು ಕೇಳಿದ್ದಕ್ಕ ಅಂದ್ರು, “ಆ ಸಣ್ಣ ಜ್ವರಕ್ಕೂ ಈ ಕಾಲಿಗೂ ಸಂಬಂಧ ಇಲ್ರಿ. ತಾಯಿ ತೋರಿಸಿದ ಜಾಗಾದಾಗ ಸೂಜಿ ಹಾಕಿದ್ರ ನರಕ್ಕ ಪೆಟ್ಟಾಗತೈತಿ.” ನಾ ಅಲ್ಲೇ ಬೆಂಚಿನ ಮ್ಯಾಲ ಕುಂತು ಅತ್ತೇನಿ. ಕೂಸಿನ ಕಾಲು ಹೋದಾಗೂ ಅಷ್ಟು ಅತ್ತಿರಲಿಲ್ಲ.

ತೀರ್ಪು ನಮ್ಮ ಕಡೆ ಆತು. ತನಗ ಅಡ್ಡ ಬರೂ ಮಾತು ಮುಚ್ಚದಾಕಿ ಸೂಜಿ ಹಾಕಿದ ಜಾಗಾನೂ ಸುಳ್ಳು ಹೇಳಿರಲಿಕ್ಕಿಲ್ಲ ಅಂತ ಸಾಹೇಬ್ರು ಬರೆದಿದ್ರಂತ, ವಕೀಲ್ರು ಓದಿ ಹೇಳಿದ್ರು. ಪರಿಹಾರ ಬಂದಮ್ಯಾಲ ಮಿರಜಿಗೆ ಹೋಗಿ ಆಪರೇಷನ್ ಮಾಡಿಸಿದ್ವಿ. ಕಾಲು ಪೂರಾ ನೆಟ್ಟಗಾಗಲಿಲ್ಲ, ಖರೆ, ಆದ್ರ ಪಾದ ಊರಿ ನಡದ್ಲು.

ನಾಳೆ ನೀವೂ ಕೂಸು ಕರಕೊಂಡು ದವಾಖಾನಿಗೆ ಹೋಗವ್ರು. ಕೆಲಸ ಕೆಟ್ರ ಕೆಡ್ಲಿ, ಕೇಳಿದ್ದಕ್ಕ ಇದ್ದದ್ದು ಇದ್ದಂಗ ಹೇಳ್ರಿ. ಏಳ್ರಿನ್ನ, ರೊಟ್ಟಿ ಆರಾಕತ್ಯಾವು.