ಹೊಂದಿಕೊಂಡು ಹೋಗುವ ಮನುಷ್ಯ

ಬೋರ್ಡ್ ಬರೆಯುವ ಪೇಂಟರ್ ಬಸ್ಸಿನಲ್ಲಿ, ತಾನೇ ಬರೆದ ಸನ್ಮಾನದ ಫಲಕವನ್ನು ಕಾಗದದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮುಂದಿನ ಸೀಟಿನಲ್ಲಿ ಬೆತ್ತದ ಕುರ್ಚಿ ಹೆಣೆಯುವ ಇಬ್ಬರು ಹೆಂಗಸರು.

“ಇವತ್ತು ನಮ್ಮ ಮೇಸ್ತ್ರಿಗೆ ಸನ್ಮಾನ ಅಕ್ಕಾ. ಎಲ್ಲರ ಜೊತೆ ಹೊಂದಿಕೊಂಡು ಹೋಗೋ ಮನುಷ್ಯ ಅಂತ ಬರೆಸಿದ್ದಾರಂತೆ.”

“ಹೊಂದಿಕೊಳ್ದೆ ಇನ್ನೇನು! ಬೆಳಿಗ್ಗೆ ನಮಗೆ ಕೈಗವಸು ಕೊಡಿಸ್ತೀನಿ ಅಂದ. ಮಧ್ಯಾಹ್ನ ಯಜಮಾನರ ಮುಂದೆ, ಇವರಿಗ್ಯಾಕೆ ಕೈಗವಸು ಅಂದ.”

“ಮೆತ್ತಗಿನ ಸ್ವಭಾವ, ಪಾಪ.”

“ಬೆತ್ತ ಕೂಡ ನೀರಲ್ಲಿ ನೆನೆಸದೆ ಬಗ್ಗಲ್ಲ ಕಣೇ. ಇವನನ್ನ ಬಗ್ಗಿಸೋಕೆ ಯಜಮಾನರು ಒಂದ್ಸಲ ಕೆಮ್ಮಿದ್ರೆ ಸಾಕು.”

ಕಿರಿಯವಳು ಬಟ್ಟೆ ಸುತ್ತಿದ ತನ್ನ ಬೆರಳುಗಳನ್ನು ನೋಡಿಕೊಂಡಳು. “ಎಲ್ಲರೂ ಚಪ್ಪಾಳೆ ಹೊಡೀಬೇಕಂತೆ.”

“ಈ ಕೈಲಾ?”

ಕಾರ್ಖಾನೆಯ ಸ್ಟಾಪ್ ಬಂತು. ಇಬ್ಬರೂ ಇಳಿದರು. ಅಲ್ಲೇ ಇಳಿಯಬೇಕಿದ್ದ ಪೇಂಟರ್ ಫಲಕ ಹಿಡಿದು ಕೂತೇ ಇದ್ದ.